ಹುಲಿಹೈದರದ ಸೀಮೆಯಲ್ಲಿ ಅಲಾಯಿ ದೇವರು

ತುಂಗಭದ್ರೆಗೂ ಕೃಷ್ಣೆಗೂ ನಡುವೆ ಹರಡಿರುವ ನೆಲವನ್ನು ಚರಿತ್ರಕಾರರು ರಾಯಚೂರು ದೋಆಬವೆಂದು ಕರೆದು, ಅದರ ವೃತ್ತಾಂತವನ್ನು ಬಹುಮಟ್ಟಿಗೆ ಕೋಟೆ ಮುತ್ತಿಗೆಗಳ ಕಥನವಾಗಿಯೇ ಬರೆದಿರುವರು. ವಿಜಯನಗರದ ಅರಸರೂ ಬಹಮನೀ ಸುಲ್ತಾನರೂ ತಲೆಮಾರು ತಲೆಮಾರುಗಳ ಕಾಲ ಈ ನೆಲಕ್ಕಾಗಿ ಕಾದಾಡಿದುದು, 1520ರಲ್ಲಿ ಕೃಷ್ಣದೇವರಾಯನು ರಾಯಚೂರನ್ನು ಗೆದ್ದುದು, 1565ರ ಜನವರಿಯಲ್ಲಿ ರಕ್ಕಸಗಿ ತಂಗಡಗಿಯ ಕಾಳಗವು ನಡೆದು ಸೀಮೆಯು ವಿಜಾಪುರದ ಆದಿಲಶಾಹಿಯ ವಶವಾದುದು, ಅನಂತರ ಮೊಗಲರು, ಮರಾಠರು, ಟಿಪ್ಪು, ಕಡೆಗೆ ಹೈದರಾಬಾದಿನ ನಿಜಾಮರು ಒಬ್ಬರಾದ ಮೇಲೊಬ್ಬರು ಇಲ್ಲಿ ಕಂದಾಯವನ್ನೆತ್ತಿದುದು, ಇವೆಲ್ಲವೂ ನಿಜವೇ. ಆದರೆ ಇಷ್ಟು ಬಾರಿ ಒಡೆಯರು ಬದಲಾದ ನೆಲದಲ್ಲಿ, ಒಡೆಯರ ಧರ್ಮವೂ ಅವರೊಡನೆ ಬದಲಾಗುತ್ತಲೇ ಇದ್ದ ನೆಲದಲ್ಲಿ, ಉಳುವವನೂ ನೇಯುವವನೂ ಕುರಿ ಕಾಯುವವನೂ ನೆರೆಯವನ ದೇವರ ವಿಷಯದಲ್ಲಿ ಯಾವ ನಡವಳಿಕೆಯನ್ನು ಹಿಡಿದು ಬಾಳಿದರೆಂಬುದನ್ನು ಆ ಗ್ರಂಥಗಳಲ್ಲಿ ಹುಡುಕಿದರೆ ಸಿಕ್ಕುವುದು ಅಲ್ಪ. ಅದನ್ನು ತಿಳಿಯಬೇಕಾದವರು ಕೋಟೆಯ ಬಾಗಿಲನ್ನು ಬಿಟ್ಟು ಊರ ನಡುವೆ ಮೊಹರಮಿನಲ್ಲಿ ಬೆಂಕಿ ಹೊತ್ತಿಸುವ ಅಲಾಯಿ ಕುಣಿಯ ಬಳಿಗೆ ಬರಬೇಕು.

ಹುಲಿಹೈದರವು ಈ ದೋಆಬದ ಒಂದು ದೊಡ್ಡ ಹಳ್ಳಿ. ಬಹುಕಾಲ ಗಂಗಾವತಿ ತಾಲೂಕಿಗೆ ಸೇರಿದ್ದು ಈಚೆಗೆ ಕನಕಗಿರಿಯು ತಾಲೂಕಾದ ಬಳಿಕ ಅದರ ಪರಿಧಿಗೆ ಬಂದಿತು. ಇವೆರಡನ್ನೂ ಒಳಗೊಂಡ ಕೊಪ್ಪಳವಾದರೋ 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಜಿಲ್ಲೆಯಾಯಿತು. ನೆರೆಯ ಕನಕಗಿರಿಯು ಬೇಡ ನಾಯಕರ ರಾಜಧಾನಿಯಾಗಿದ್ದ ಊರು. ಕಾಲಿದ್ದವರು ಹಂಪಿಯನ್ನು ನೋಡಬೇಕು, ಕಣ್ಣಿದ್ದವರು ಕನಕಗಿರಿಯನ್ನು ನೋಡಬೇಕೆಂದು ನಾಡೆಲ್ಲ ಆಡಿಕೊಳ್ಳುವ ಮಾತು ಅಲ್ಲಿಯ ಕನಕಾಚಲಪತಿಯ ಗುಡಿಯ ಶಿಲ್ಪವನ್ನು ಕುರಿತದ್ದು. ಗಂಗಾವತಿಯ ಬಯಲಿಗೆ ತುಂಗಭದ್ರೆಯ ಕಾಲುವೆಯು ಬಂದು ಭತ್ತದ ಗದ್ದೆಗಳನ್ನು ಮಾಡಿತಾದರೂ, ಕುಷ್ಟಗಿ ಯಲಬುರ್ಗಿಗಳ ಕಡೆಗೆ ಸಾಗಿದಂತೆಲ್ಲ ಭೂಮಿಯು ಮಳೆಯ ಮುಖವನ್ನೇ ನೋಡುತ್ತ ಕುಳಿತಿರುವುದು. ಸಜ್ಜೆ, ಜೋಳ, ತೊಗರಿ, ಕುರಿಯ ಹಿಂಡು, ಕರಿಯ ಕಂಬಳಿ, ಇವೇ ಅಲ್ಲಿಯ ಸಂಪತ್ತು. ಇಂಥ ಸೀಮೆಯ ಊರೂರಿನಲ್ಲಿಯೂ ಮೊಹರಂ ತಿಂಗಳ ಬಾಲಚಂದ್ರನು ಕಂಡೊಡನೆ ದೇವರನ್ನು ಕೂಡಿಸುವ ಆಶೂರಖಾನೆಯ ಮುಂದಣ ನೆಲಕ್ಕೆ, ಕುಣಿ ತೋಡಲೆಂದು, ಗುದ್ದಲಿ ಬೀಳುವುದು.

ಈ ಗುದ್ದಲಿಯಿಂದ ಮೊದಲ್ಗೊಂಡು ಹತ್ತನೆಯ ದಿನದವರೆಗೆ ನಡೆಯುವ ಕ್ರಮವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಏಕೆಂದರೆ ಈ ಆಚರಣೆಯ ಅರ್ಥವೆಲ್ಲವೂ ಅದರ ಕ್ರಮದಲ್ಲಿ ಅಡಗಿರುವುದು. ವರ್ಷವಿಡೀ ಪೆಟ್ಟಿಗೆಯಲ್ಲಿ ಬಟ್ಟೆ ಸುತ್ತಿ ಇರಿಸಿದ್ದ, ಹಸ್ತದಾಕಾರದ ಲೋಹದ ಪಂಜಾಗಳನ್ನು ಹೊರತೆಗೆದು, ಹುಣಿಸೆಹಣ್ಣು ಹಚ್ಚಿ ಉಜ್ಜಿ ಬೆಳಗಿ, ಬಣ್ಣದ ರೇಷ್ಮೆಯ ವಸ್ತ್ರಗಳನ್ನು ಉಡಿಸಿ, ಹೂವಿನ ದಂಡೆಗಳನ್ನು ಹಾಕಿ, ಊದಿನ ಹೊಗೆಯ ನಡುವೆ ಕೂಡಿಸುವರು. ಜನರ ಬಾಯಲ್ಲಿ ಇವು ಅಲಾಯಿ ದೇವರು, ಅಥವಾ ಪೀರಲ ದೇವರು. ಸಂಜೆಯಾಗುತ್ತಲೇ ಕುಣಿಯಲ್ಲಿ ಬೆಂಕಿಯೇಳುವುದು. ಹಲಗೆಯ ಬಡಿತಕ್ಕೆ ಹೆಜ್ಜೆಯ ಮೇಳದವರು ಅದನ್ನು ಸುತ್ತುವರು. ರಿವಾಯತ ಪದಗಳನ್ನು ಹಾಡುವ ಎರಡು ತಂಡಗಳು ಎದುರುಬದುರಾಗಿ ನಿಂತು ಕರ್ಬಲದ ಕಥೆಯನ್ನು ಅಚ್ಚಕನ್ನಡದಲ್ಲಿ ರಾತ್ರಿಯೆಲ್ಲ ಬೆಳೆಸುವರು. ಹರಕೆ ಹೊತ್ತವರು ಕೊರಳಿಗೆ ಲಾಡಿಯೆಂಬ ದಾರವನ್ನು ಕಟ್ಟಿಕೊಂಡು ಫಕೀರರಾಗಿ ಮನೆಮನೆಗೆ ಹೋಗಿ ಬೇಡುವರು. ಕೆಲವರು ಮೈಗೆ ಬಣ್ಣ ಬಳಿದುಕೊಂಡು ಹುಲಿವೇಷ ಹಾಕುವರು. ಮನೆಗಳಲ್ಲಿ ಚೊಂಗೆಯೆಂಬ ಸಿಹಿತಿಂಡಿಯ ಸುವಾಸನೆ; ತಾಯಂದಿರು ಸಕ್ಕರೆಯನ್ನು ತಂದು ಫಾತಿಹಾ ಓದಿಸಿಕೊಂಡು ಹೋಗುವರು. ಒಂಬತ್ತನೆಯ ರಾತ್ರಿಯು ಕತ್ತಲರಾತ್ರಿ. ಆ ರಾತ್ರಿ ಊರು ನಿದ್ರಿಸುವುದಿಲ್ಲ. ಹತ್ತನೆಯ ದಿನ ದೇವರು ಹೊಳೆಗೋ ಹಳ್ಳಕ್ಕೋ ಕೆರೆಗೋ ಹೊರಟು, ದಫನವಾಗಿ, ಹೋಗುವಾಗ ಕುಣಿದಿದ್ದ ಜನವು ಬರುವಾಗ ಶೋಕದ ಪದಗಳನ್ನು ಹಾಡುತ್ತ ಬರುವುದು.

ಇದರಲ್ಲಿ ಯಾರು ಹಿಂದೂ, ಯಾರು ಮುಸಲ್ಮಾನ ಎಂಬ ಪ್ರಶ್ನೆಯನ್ನು ಹೊರಗಿನಿಂದ ಬಂದವನು ಕೇಳಿಯಾನು. ಊರಿನವರು ಕೇಳುವುದಿಲ್ಲ. ದೇವರನ್ನು ಹಿಡಿಯುವ ಹಕ್ಕು ಎಷ್ಟೋ ಹಳ್ಳಿಗಳಲ್ಲಿ ಕುರುಬರ ಅಥವಾ ನಾಯಕರ ಮನೆತನಕ್ಕೆ ವಂಶಪಾರಂಪರ್ಯವಾಗಿ ಬಂದಿರುವುದು. ಬೆಂಕಿಗೆ ಕಟ್ಟಿಗೆ ತರುವವರು, ಹಲಗೆ ಬಾರಿಸುವವರು, ಎಣ್ಣೆ ಕೊಡುವವರು, ಹೂ ತರುವವರು ಒಂದೊಂದು ಮನೆಯವರು. ಸವದತ್ತಿ ತಾಲೂಕಿನ ಹಿರೇಬಿದನೂರಿನಂತಹ ಊರುಗಳಲ್ಲಿ ಮುಸಲ್ಮಾನರ ಒಂದು ಮನೆಯೂ ಇಲ್ಲದಿದ್ದರೂ ಮೊಹರಂ ತಪ್ಪಿದುದಿಲ್ಲ. ಕೊಪ್ಪಳ ರಾಯಚೂರುಗಳ ಯಾವ ಶಾಲೆಯ ಹಾಜರಿಪಟ್ಟಿಯನ್ನು ತೆರೆದರೂ ಹುಸೇನಪ್ಪ, ಫಕೀರಪ್ಪ, ಪೀರಪ್ಪ, ಹುಸೇನಮ್ಮ ಎಂಬ ಹೆಸರುಗಳು ಕಾಣುವುವು. ಅವರಲ್ಲಿ ಹೆಚ್ಚಿನವರು ಹಿಂದೂಗಳ ಮಕ್ಕಳು, ಹರಕೆಯಿಂದ ಹುಟ್ಟಿದವರೆಂದು ತಾಯಂದಿರು ನಂಬಿ ಹೆಸರಿಟ್ಟವರು.

ಈ ಆಚರಣೆಯು ಇಲ್ಲಿಗೆ ಬಂದ ದಾರಿಯನ್ನು ಊಹಿಸುವುದು ಕಷ್ಟವಲ್ಲ. ಕ್ರಿಸ್ತಶಕ 680ರಲ್ಲಿ, ಹಿಜರಿ 61ನೆಯ ಮೊಹರಮಿನ ಹತ್ತನೆಯ ದಿನ, ಪ್ರವಾದಿಯ ಮೊಮ್ಮಗನಾದ ಹುಸೇನನು ಯೂಫ್ರೆಟೀಸ್ ನದಿಯ ಸಮೀಪದ ಕರ್ಬಲದಲ್ಲಿ, ನೀರಿನ ದಾರಿಯು ಮುಚ್ಚಿಹೋಗಿ ದಾಹದಿಂದ ಕಂಗೆಟ್ಟ ಬಂಧುಗಳೊಡನೆ ಮತ್ತು ಕೆಲವೇ ಸಂಗಡಿಗರೊಡನೆ ಹತನಾದನು. ಆ ಶೋಕವನ್ನು ವರ್ಷವರ್ಷವೂ ಸ್ಮರಿಸುವ ಪದ್ಧತಿಗೆ ದಕ್ಷಿಣದಲ್ಲಿ ರಾಜಾಶ್ರಯವು ದೊರೆತುದು ಷಿಯಾ ಮತವನ್ನು ಎತ್ತಿಹಿಡಿದ ವಿಜಾಪುರದಲ್ಲಿ ಮತ್ತು ಗೋಲಕೊಂಡದಲ್ಲಿ. ಮಹಮ್ಮದ ಕುಲೀ ಕುತುಬಶಾಹನು ಹೈದರಾಬಾದಿನಲ್ಲಿ ಕಟ್ಟಿಸಿದ ಬಾದಶಾಹೀ ಆಶೂರಖಾನೆಯು ಹದಿನಾರನೆಯ ಶತಮಾನದ ಕಡೆಯ ದಶಕದ್ದು. ದೋಆಬವು ಆದಿಲಶಾಹರ ಕೈಗೆ ಬಂದ ಬಳಿಕ ಮುದಗಲ್ಲಿನಂತಹ ಕೋಟೆಯ ಊರುಗಳಲ್ಲಿ ಈ ಆಚರಣೆಯು ಬೇರೂರಿ, ಅಲ್ಲಿಂದ ಹಳ್ಳಿಗಳಿಗೆ ಹಬ್ಬಿರಬೇಕು. ಮುದಗಲ್ಲಿನ ಮೊಹರಮಿಗೆ ಇಂದಿಗೂ ಸುತ್ತಣ ಜಿಲ್ಲೆಗಳಿಂದ ಜನರು ಹೋಗುವರು. ಆದರೆ ರಾಜಾಶ್ರಯವು ಬೀಜವನ್ನು ತಂದಿತೆಂದು ಒಪ್ಪಿದರೂ, ರಾಜ್ಯಗಳು ಅಳಿದ ಮೇಲೆಯೂ ಅದು ಉಳಿದುದಕ್ಕೆ ಕಾರಣವನ್ನು ಜನರ ಬಾಳಿನಲ್ಲಿಯೇ ಅರಸಬೇಕಾಗುವುದು. ನೀರಿಲ್ಲದೆ ಸತ್ತವರ ಕಥೆಯು ಬರಗಾಲದ ನೆಲಕ್ಕೆ ಹೊಸದಲ್ಲ. 1791ರ ಡೋಗಿ ಬರವನ್ನೂ 1876ರಿಂದ 1878ರವರೆಗಿನ ಮಹಾಕ್ಷಾಮವನ್ನೂ ಕಂಡ ಪ್ರಾಂತದಲ್ಲಿ, ಕರ್ಬಲದಲ್ಲಿ ಗುಟುಕು ನೀರಿಗಾಗಿ ಅತ್ತ ಕೂಸಿನ ಪ್ರಸಂಗವನ್ನು ರಿವಾಯತಿನವರು ಹಾಡಿದಾಗ, ಆ ಕೂಸು ಯಾವ ದೇಶದ್ದೆಂದು ಯಾವ ತಾಯಿಯು ತಾನೆ ವಿಚಾರಿಸಿಯಾಳು? ಮೊಹರಮಿನಲ್ಲಿ ಬೆಲ್ಲದ ಪಾನಕವನ್ನು ಹಂಚುವ ಕೈಗಳಿಗೆ ಆ ದಾಹದ ಅರಿವಿತ್ತು.

ಇನ್ನೊಂದು ವಿಶೇಷವನ್ನು ಇಲ್ಲಿ ಹೇಳಬೇಕು. ಕಾರ ಹುಣ್ಣಿಮೆಯೂ ಎಳ್ಳಮಾವಾಸ್ಯೆಯೂ ಬೇಸಾಯಕ್ಕೆ ಹೊಂದಿಕೊಂಡು ಬರುವ ಹಬ್ಬಗಳು. ಮೊಹರಮಾದರೋ ಚಾಂದ್ರಮಾನದ್ದು, ಅಧಿಕಮಾಸವನ್ನರಿಯದ್ದು. ವರ್ಷಕ್ಕೆ ಸುಮಾರು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತ, ಮೂವತ್ತಮೂರು ವರ್ಷಗಳಿಗೊಮ್ಮೆ ಎಲ್ಲ ಋತುಗಳನ್ನೂ ಸುತ್ತಿಬರುವುದು. ಒಮ್ಮೆ ಬಿತ್ತನೆಯ ಅವಸರದಲ್ಲಿ, ಒಮ್ಮೆ ಸುಗ್ಗಿಯ ರಾಶಿಯ ನಡುವೆ, ಒಮ್ಮೆ ಬಿರುಬೇಸಗೆಯಲ್ಲಿ ದೇವರು ಬರುವನು. ರೈತನು ತನ್ನ ಅನುಕೂಲವನ್ನು ಮುಂದಿಡದೆ, ಬಂದಾಗ ಬರಮಾಡಿಕೊಳ್ಳುವನು. ಮನುಷ್ಯನ ಲೆಕ್ಕಕ್ಕೆ ಒಗ್ಗದ ಹಬ್ಬವನ್ನು ಲೆಕ್ಕವೇ ಜೀವನವಾಗಿರುವ ಒಕ್ಕಲಿಗನು ಬಿಡದೆ ಹಿಡಿದುಕೊಂಡು ಬಂದುದು ನನಗೆ ಬಹು ದೊಡ್ಡ ವಿಷಯವಾಗಿ ತೋರುವುದು.

ಈಗ ದೇವರು ಓಣಿ ಓಣಿಗಳಲ್ಲಿ ಹೊರಡುವ ಸವಾರಿಯ ಮಾತಿಗೆ ಬರೋಣ. ದೇವರನ್ನು ಹಿಡಿಯುವವನು ಉಪವಾಸವಿದ್ದು, ಮಿಂದು, ಒದ್ದೆಯ ಬಟ್ಟೆಯಲ್ಲಿಯೇ ಬಂದು ನಿಲ್ಲುವನು. ಮುಜಾವರನು ಊದಿನ ಹೊಗೆಯನ್ನು ಹಿಡಿದು ಫಾತಿಹಾ ಓದಿ ಪಂಜಾವನ್ನು ಆತನ ಕೈಗೆ ಕೊಡುವನು. ಸ್ವಲ್ಪ ಹೊತ್ತಿನಲ್ಲಿಯೇ ಆತನ ತೋಳು ಕಂಪಿಸತೊಡಗುವುದು. ಹಲಗೆಯ ಗತಿಯು ಏರಿದಂತೆ ಆತನು ಮುಂದಕ್ಕೆ ನುಗ್ಗುವನು, ಹಿಂದಕ್ಕೆ ಸರಿಯುವನು, ಯಾವುದೋ ಓಣಿಗೆ ಹೊರಳುವನು, ಯಾರದೋ ಹೊಸ್ತಿಲ ಮುಂದೆ ನಿಂತುಬಿಡುವನು. ಜೊತೆಗಾರರು ಸೊಂಟಕ್ಕೆ ಕೈಕೊಟ್ಟು ಬೀಳದಂತೆ ಆನಿಸಿಕೊಳ್ಳುವರೇ ಹೊರತು ಇತ್ತ ಬಾ, ಅತ್ತ ಹೋಗು ಎನ್ನಲಾರರು. ಆ ಮನೆಯವರು ತುಂಬಿದ ಕೊಡವನ್ನು ತಂದು ಆತನ ಕಾಲಿಗೆ ನೀರೆರೆದು, ಲಾಡಿಯನ್ನು ಕಟ್ಟಿ, ಮಗುವನ್ನು ಪಂಜಾದ ಕೆಳಗೆ ಹಿಡಿಯುವರು. ಏಕೆ ಇದೇ ಮನೆಯ ಮುಂದೆ ನಿಂತಿತೆಂದು ಕೇಳಿದರೆ ಊರಿನ ಹಿರಿಯರು ಕೊಡುವ ಉತ್ತರವು ಒಂದೇ: ‘ದೇವರು ಒಯ್ದಂಗ ಹೋಗೂದು.’ ವಾದಕ್ಕೆ ಅಲ್ಲಿ ಎಡೆಯಿಲ್ಲ. ನಿಂತ ಮನೆಯು ಬಡವನದೋ ಸಾಹುಕಾರನದೋ, ಒಳ್ಳೆಯವನದೋ ಕೆಟ್ಟ ಹೆಸರು ಹೊತ್ತವನದೋ, ಯಾವ ಜಾತಿಯದೋ, ಅದನ್ನು ತೂಗುವುದು ಮನುಷ್ಯನ ಕೆಲಸವಲ್ಲವೆಂದು ಇಡೀ ಊರು ಒಪ್ಪಿ, ಆ ಹೊಸ್ತಿಲಿನ ಮುಂದೆ ಕೈಮುಗಿದು ಕಾಯುವುದು. ಒಂದು ಸಮಾಜವು ತನ್ನ ನ್ಯಾಯಾಧಿಕಾರವನ್ನು, ವರ್ಷದಲ್ಲಿ ಕೆಲವು ರಾತ್ರಿಗಳ ಮಟ್ಟಿಗಾದರೂ, ಹೀಗೆ ದೈವದ ಕೈಗೆ ಒಪ್ಪಿಸಿ ನಿಂತ ನಿದರ್ಶನವು ಸುಲಭವಾಗಿ ದೊರೆಯುವಂಥದಲ್ಲ.

ನೆರೆಯವನ ಧರ್ಮವನ್ನು ತೂಗಬಾರದೆಂಬ ಈ ಬುದ್ಧಿಯು ಈ ನಾಡಿಗೆ ಮೊಹರಮಿನೊಡನೆಯೇ ಬಂದುದೆಂದು ಭಾವಿಸಬಾರದು. ಕೊಪ್ಪಳದ ಗವಿಮಠದ ಗುಡ್ಡದಲ್ಲಿಯೂ ಪಾಲ್ಕಿಗುಂಡಿನಲ್ಲಿಯೂ ಅಶೋಕನ ಶಾಸನಗಳಿರುವುದು 1931ರಲ್ಲಿ ಬೆಳಕಿಗೆ ಬಂದಿತು. ಧರ್ಮದಲ್ಲಿ ಉದ್ಯೋಗಿಸಿದರೆ ದೊಡ್ಡವರಷ್ಟೇ ಅಲ್ಲ, ಚಿಕ್ಕವರೂ ಸ್ವರ್ಗವನ್ನು ಪಡೆಯಬಲ್ಲರೆಂಬುದು ಅವುಗಳ ತಾತ್ಪರ್ಯ. ಅದೇ ಚಕ್ರವರ್ತಿಯ ಹನ್ನೆರಡನೆಯ ಶಿಲಾಶಾಸನವು ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿದೆ: 1986ರಲ್ಲಿ ಚಂದ್ರಲಾಂಬೆಯ ಆವರಣದ ಕಾಳಿಯ ಗುಡಿಯ ಮಾಡು ಕುಸಿದು ಮೂರ್ತಿಯು ಭಗ್ನವಾದಾಗ, ಅದರ ಪೀಠವಾಗಿದ್ದ ಕಲ್ಲಿನ ಮೇಲೆಯೇ ಆ ಅಕ್ಷರಗಳು ಕಾಣಿಸಿಕೊಂಡುವು. ತನ್ನ ಮತವನ್ನು ಹೊಗಳಿಕೊಳ್ಳುತ್ತ ಪರರ ಮತವನ್ನು ಹಳಿಯುವವನು ತನ್ನ ಮತಕ್ಕೇ ಕೇಡು ಮಾಡುವನೆಂದೂ, ನಾಲಗೆಯ ಸಂಯಮವೇ ಧರ್ಮವೃದ್ಧಿಯ ಮೂಲವೆಂದೂ, ಜನರು ಒಬ್ಬರ ಧರ್ಮವನ್ನೊಬ್ಬರು ಕೇಳಿ ತಿಳಿಯಬೇಕೆಂದೂ ಅದರಲ್ಲಿ ಬೋಧಿಸಿದೆ. ಮತಗಳ ಕಲಹವನ್ನು ನಿಲ್ಲಿಸಬೇಕೆಂದು ಹೇಳಿದ ಶಾಸನವು ಒಂದು ದೇವತೆಯ ಪಾದದಡಿಯಲ್ಲಿ ಶತಮಾನಗಳ ಕಾಲ ಪೀಠವಾಗಿ ನಿಂತಿದ್ದುದನ್ನು ನೆನೆದಾಗ ಮನಸ್ಸು ತುಂಬಿಬರುವುದು.

ಕೊಪ್ಪಳದ ಗುಡ್ಡಗಳನ್ನೇ ನೋಡಿರಿ. ಅದು ಕವಿರಾಜಮಾರ್ಗದ ಕಾಲಕ್ಕಾಗಲೇ ಹೆಸರುವಾಸಿಯಾಗಿದ್ದ ಕೋಪಣ, ಜೈನರ ಮಹಾತೀರ್ಥ, ಸಲ್ಲೇಖನ ವ್ರತದಿಂದ ದೇಹತ್ಯಾಗ ಮಾಡಿದ ಯತಿಗಳ ನೆಲ. ಜಟಾಸಿಂಹನಂದಿ ಆಚಾರ್ಯರ ಪಾದಗಳನ್ನು ಅಲ್ಲಿಯ ಬಂಡೆಯ ಮೇಲೆ ಕೊರೆದಿದೆ. ಒಂದೇ ವಸ್ತುವನ್ನು ನಾನಾ ಕಡೆಗಳಿಂದ ನಾನಾ ರೀತಿಯಾಗಿ ಕಾಣಬಹುದು, ಒಂದು ಕಡೆಯಿಂದ ಕಂಡವನು ಪೂರ್ಣಸತ್ಯವನ್ನು ಕಂಡೆನೆಂದು ಗರ್ವಿಸಬಾರದು ಎಂಬ ಅನೇಕಾಂತವನ್ನು ಕಲಿಸಿದವರು ಆ ಯತಿಗಳು. ಬೌದ್ಧ ಚಕ್ರವರ್ತಿಯ ಬರಹವೂ ಜೈನರ ಗವಿಗಳೂ ಇರುವ ಆ ಗುಡ್ಡಗಳಲ್ಲಿಯೇ ಗವಿಸಿದ್ಧೇಶ್ವರನ ವೀರಶೈವ ಮಠವು ಬೆಳೆದು, ಅದರ ಜಾತ್ರೆಗೆ ಇಂದು ಲಕ್ಷೋಪಲಕ್ಷ ಜನ ಕೂಡುವರು. ಕೃಷ್ಣೆಯ ದಡದ ತಿಂಥಣಿಯಲ್ಲಿ ಮೌನೇಶ್ವರನು ಹಿಂದೂಗಳಿಗೆ ಮೌನಪ್ಪಯ್ಯನೂ ಮುಸಲ್ಮಾನರಿಗೆ ಮೌನದ್ದೀನನೂ ಆಗಿ ಪೂಜೆಗೊಳ್ಳುತ್ತಿರುವನು. ಶಿಶುನಾಳದ ಶರೀಫರು (1819–1889) ಬ್ರಾಹ್ಮಣರಾದ ಗೋವಿಂದಭಟ್ಟರ ಶಿಷ್ಯರಾಗಿ ತತ್ತ್ವಪದಗಳನ್ನು ಹಾಡಿದಂತೆಯೇ ಮೊಹರಮಿನ ರಿವಾಯತ ಪದಗಳನ್ನೂ ಕಟ್ಟಿದರು. ಇವರೆಲ್ಲರ ಬೋಧೆಯೂ ಹಳ್ಳಿಯ ಮನುಷ್ಯನಿಗೆ ಗ್ರಂಥದಿಂದ ಬಂದುದಲ್ಲ. ಹಲಗೆಯ ಬಡಿತದ ಮೂಲಕ, ಚೊಂಗೆಯ ಮೂಲಕ, ಪಂಜಾದ ಕೆಳಗೆ ಹಿಡಿದ ಮಗುವಿನ ಮೂಲಕ ಬಂದುದು.

ಈ ಆಚರಣೆಯನ್ನು ಒಪ್ಪದವರು ಎರಡು ಕಡೆಯಲ್ಲಿಯೂ ಇದ್ದರು, ಇರುವರು. ಪಂಜಾಗಳಿಗೆ ಹೂವೇರಿಸುವುದು ಇಸ್ಲಾಮಿಗೆ ಸಲ್ಲದೆಂದು ಮೌಲ್ವಿಗಳು ಹೇಳಿದರು. ಪರಧರ್ಮದ ಹಬ್ಬದಲ್ಲಿ ಕುಣಿಯುವುದು ತರವಲ್ಲವೆಂದು ಹಿಂದೂ ನಾಯಕರು ಹೇಳಿದರು. ಮುಂಬಯಿ ಪ್ರಾಂತದಲ್ಲಿ 1893ರ ದೊಂಬಿಗಳ ಬಳಿಕ, ಮೊಹರಮಿನ ತಾಬೂತುಗಳ ಮೆರವಣಿಗೆಗೆ ಹೋಗಬೇಡಿರೆಂದು ಹಿಂದೂಗಳಿಗೆ ಬಹಿರಂಗವಾಗಿಯೇ ಕರೆ ಕೊಡಲಾಯಿತು. ಅವರ ಶ್ರದ್ಧೆಯನ್ನು ನಾನು ಸಂದೇಹಿಸೆನು. ಶಾಸ್ತ್ರವನ್ನು ಶುದ್ಧವಾಗಿ ಇಟ್ಟುಕೊಳ್ಳಬೇಕೆಂಬ ಹಂಬಲವು ತನ್ನಷ್ಟಕ್ಕೆ ಗೌರವಾರ್ಹವಾದುದೇ. ಆಚರಣೆಯೂ ಕಳಂಕರಹಿತವಾದುದಲ್ಲ: ಹಲಗೆ ಬಾರಿಸಿದವನ ಕೈಯಿಂದ ಊರು ತಾಳವನ್ನು ಪಡೆಯಿತೇ ಹೊರತು ನೀರನ್ನು ಪಡೆಯಲಿಲ್ಲ, ಮತದ ಗೋಡೆಯನ್ನು ದಾಟಿದವರು ಜಾತಿಯ ಗೋಡೆಯ ಮುಂದೆ ಅನೇಕ ಕಡೆ ನಿಂತುಹೋದರು. ಆದರೂ ಮತದ ವಿಷಯದಲ್ಲಿ ಇಷ್ಟು ದೂರ ನಡೆದುಬಂದ ಜನರನ್ನು ಹಿಂದಕ್ಕೆ ಕರೆಯುವುದಕ್ಕಿಂತ, ಉಳಿದ ದೂರವನ್ನು ನಡೆಯಿರೆಂದು ಹುರಿದುಂಬಿಸುವುದೇ ಮೇಲೆಂದು ನನ್ನ ಅಭಿಪ್ರಾಯ.

ಇದಕ್ಕಿಂತ ಕಠಿನವಾದ ಪರೀಕ್ಷೆಯು 1947–48ರಲ್ಲಿ ಬಂದಿತು. ನಿಜಾಮರ ಸೀಮೆಯಲ್ಲಿ ರಜಾಕಾರರ ಹಾವಳಿಯೆದ್ದು, ಗಡಿಯಾಚೆಯ ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳ ನೇತೃತ್ವದ ಶಿಬಿರವು ಅದನ್ನೆದುರಿಸಿತು. 1948ರ ಸೆಪ್ಟೆಂಬರ್ 17ರಂದು ಹೈದರಾಬಾದು ಶರಣಾದ ಮೇಲೆ, ಸಂಸ್ಥಾನದ ಅನೇಕ ಜಿಲ್ಲೆಗಳಲ್ಲಿ ನಿರಪರಾಧಿಗಳಾದ ಮುಸಲ್ಮಾನರು ಪ್ರತೀಕಾರಕ್ಕೆ ಬಲಿಯಾದರು. ಎರಡು ಬಗೆಯ ದುಃಖವನ್ನೂ ಕಂಡ ಜನರು ಆ ವರ್ಷಗಳ ಬಳಿಕ ಮತ್ತೆ ಗುದ್ದಲಿ ಹಾಕಿದರು, ಮತ್ತೆ ದೇವರನ್ನು ಕೂಡಿಸಿದರು, ಮತ್ತೆ ರಿವಾಯತ ಹಾಡಿದರು. ಯಾರು ಎಷ್ಟು ತಪ್ಪಿತಸ್ಥರೆಂಬ ಲೆಕ್ಕವು ಮುಗಿದ ಮೇಲೆ ಕೂಡೋಣವೆಂದಿದ್ದರೆ ಅವರು ಎಂದೂ ಕೂಡುತ್ತಿರಲಿಲ್ಲ.

ಹುಲಿಹೈದರದ ಹೆಸರನ್ನು ಹೊರಗಿನ ನಾಡು ಕೇಳಿದುದು ಬೇರೊಂದು ಕಾರಣದಿಂದ. 2022ರ ಮೊಹರಮಿನ ಹತ್ತನೆಯ ದಿನವು ಆಗಸ್ಟ್ 9ರಂದು ಬಂದಿತ್ತು. ಅದು ಕಳೆದು ಎರಡೇ ದಿನಕ್ಕೆ, ಆಗಸ್ಟ್ 11ರಂದು, ಊರಿನಲ್ಲಿ ಎರಡು ಗುಂಪುಗಳ ನಡುವೆ ಹೊಡೆದಾಟವಾಗಿ ಇಬ್ಬರು ಪ್ರಾಣ ಕಳೆದುಕೊಂಡರು: ಒಬ್ಬನು ಹಿಂದೂ, ಒಬ್ಬನು ಮುಸಲ್ಮಾನ. ನಿಷೇಧಾಜ್ಞೆ ಜಾರಿಯಾಯಿತು, ಪೋಲೀಸರು ಬಂದು ಬೀಡುಬಿಟ್ಟರು, ಪತ್ರಿಕೆಗಳಲ್ಲಿ ನಾಲ್ಕು ದಿನ ಸುದ್ದಿಯಾಯಿತು. ತಪ್ಪು ಯಾರದೆಂಬುದನ್ನು ನಿರ್ಣಯಿಸಲು ನ್ಯಾಯಾಲಯಗಳುಂಟು. ಆ ಅಧಿಕಾರವನ್ನು ನಾನು ತೆಗೆದುಕೊಳ್ಳೆನು, ಓದುಗರೂ ತೆಗೆದುಕೊಳ್ಳಬಾರದೆಂದು ಬೇಡುವೆನು. ದೂರದ ಪಟ್ಟಣಗಳಲ್ಲಿ ಕುಳಿತವರು, ಆ ಊರಿನ ಓಣಿಯೊಂದನ್ನೂ ಕಾಣದವರು, ಇಡೀ ಊರನ್ನೂ ಇಡೀ ಸಮುದಾಯಗಳನ್ನೂ ತೂಗಿ ಬೆಲೆ ಕಟ್ಟಿಬಿಟ್ಟರು. ಸತ್ತವರಿಬ್ಬರ ಮನೆಗಳಲ್ಲಿಯೂ ಅಳಲು ಒಂದೇ ಆಗಿತ್ತೆಂಬುದನ್ನು ನೆನೆದವರು ಕೆಲವರೇ. ಶತಮಾನಗಳ ಸಹವಾಸವನ್ನು ಒಂದು ದಿನದ ರಕ್ತದಿಂದ ಅಳೆಯುವುದು ನ್ಯಾಯವಲ್ಲ; ಆ ಸಹವಾಸದ ಹೆಸರು ಹೇಳಿ ಆ ರಕ್ತವನ್ನು ಮರೆಯಿಸುವುದೂ ನ್ಯಾಯವಲ್ಲ.

ಅಲಾಯಿಯ ಆಚರಣೆಯಿಂದ ಕಲಹಗಳು ತಾವಾಗಿ ನಿಲ್ಲುವುವೆಂದು ನಾನು ಹೇಳೆನು. ಅದು ಜನರಿಗೆ ಒಂದು ಅಭ್ಯಾಸವನ್ನು ಕೊಟ್ಟಿತು, ಅಷ್ಟೆ: ನೆರೆಯವನ ಹೊಸ್ತಿಲಿನ ಮುಂದೆ ನಿಂತಾಗ ಅವನ ಯೋಗ್ಯತೆಯನ್ನು ವಿಚಾರಿಸದೆ, ಇಲ್ಲಿಗೆ ಕರೆತಂದವನಿಗೆ ಕಾರಣವು ತಿಳಿದಿದೆಯೆಂದು ನಂಬಿ ಕೈಮುಗಿಯುವ ಅಭ್ಯಾಸ. ಅಭ್ಯಾಸವನ್ನು ಬಿಟ್ಟರೆ ಅದು ಮರೆತುಹೋಗುವುದು. ಈಚೆಗೆ ಹಲವು ಹಳ್ಳಿಗಳಲ್ಲಿ ರಿವಾಯತ ಬಲ್ಲ ಹಿರಿಯರು ತೀರಿಕೊಳ್ಳುತ್ತಿರುವರು. ಹೆಜ್ಜೆಯ ಮೇಳದ ಹುಡುಗರು ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗಿರುವರು. ಅವರು ಹಬ್ಬಕ್ಕೆ ಮರಳಿ ಬಂದರೂ ಪದಗಳು ಬಾಯಿಗೆ ಬಾರವು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಿಗಳ ಶಾಲಾಗುರುಗಳೂ ಓದುಬಲ್ಲ ತರುಣರೂ ತಮ್ಮ ತಮ್ಮ ಊರಿನ ಹಾಡುಗಾರರ ಬಳಿ ಕುಳಿತು ಆ ಪದಗಳನ್ನು ಬರೆದುಕೊಳ್ಳಲಿ; ಯಾವ ಮನೆಯವರು ಕಟ್ಟಿಗೆ ತರುತ್ತಿದ್ದರು, ಯಾವ ಮನೆಯವರು ದೇವರನ್ನು ಹಿಡಿಯುತ್ತಿದ್ದರು, ಸವಾರಿಯು ಯಾವ ಓಣಿಗಳಲ್ಲಿ ಹಾದುಬರುತ್ತಿತ್ತೆಂಬುದನ್ನು ಕೇಳಿ ದಾಖಲಿಸಲಿ. ಇದನ್ನು ಮುಂದಿನ ಮೊಹರಮಿಗೆಂದು ಕಾಯದೆ, ಹಿರಿಯರು ಇರುವಾಗಲೇ, ಈ ವರ್ಷವೇ ಮಾಡಬೇಕು.